ಚಪ್ಪರವಿಲ್ಲದ ರಾಮನವಮಿ

ಯುಗಾದಿಯ ಬೇವುಬೆಲ್ಲ ನಾಲಗೆಯ ಮೇಲೆ ಕರಗುವ ಮುನ್ನವೇ ನಮ್ಮ ತಂದೆಯವರು ಕೇಳುತ್ತಿದ್ದ ಪ್ರಶ್ನೆ ಒಂದೇ: “ಕೋಟೆ ಹೈಸ್ಕೂಲಿನಲ್ಲಿ ಚಪ್ಪರ ಎದ್ದಿತೇನಪ್ಪ?” ಅವರಿಗೆ ಪಂಚಾಂಗ ಶ್ರವಣಕ್ಕಿಂತಲೂ ರಾಮೋತ್ಸವದ ಕಾರ್ಯಕ್ರಮ ಪಟ್ಟಿಯ ಶ್ರವಣವೇ ಮುಖ್ಯವಾದುದು. ಯಾವ ದಿನ ಯಾರ ಹಾಡುಗಾರಿಕೆ, ಪಿಟೀಲು ಯಾರದು, ಮೃದಂಗ ಯಾರದು ಎಂಬುದನ್ನೆಲ್ಲ ಗೋಡೆಯ ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಿಂದ ಗುರುತುಮಾಡಿದ ನಂತರವೇ ಅವರ ಗಮನ ಎಲೆಯ ಮೇಲಿನ ಹೋಳಿಗೆಯತ್ತ ಹರಿಯುತ್ತಿತ್ತು.

2020ರ ಯುಗಾದಿ ಮಾರ್ಚ್ 25ರಂದು ಬಂದಿತು. ಅದೇ ದಿನ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಕೊರೋನಾ ವ್ಯಾಧಿಯ ಭಯದಿಂದ ಬೀದಿಗಳು ನಿರ್ಜನವಾದುವು. ಗುಡಿಗಳ ಗಂಟೆಗಳು ಮೂಕವಾದುವು. ಎಂಟು ದಿನಗಳ ನಂತರ, ಏಪ್ರಿಲ್ 2ರಂದು, ರಾಮನವಮಿ. ಮನೆಯಲ್ಲಿ ಪಾನಕ, ಕೋಸಂಬರಿಗಳೇನೋ ಆದುವು. ಹಂಚುವುದಕ್ಕೆ ನೆರೆಹೊರೆಯವರು ಬರುವಂತಿರಲಿಲ್ಲ. ಆ ವರ್ಷ ತಂದೆಯವರು ತಮ್ಮ ಪ್ರಶ್ನೆಯನ್ನು ಕೇಳಲಿಲ್ಲ. ಗೋಡೆಯ ಮೇಲಿನ ಏಪ್ರಿಲ್ ತಿಂಗಳ ಹಾಳೆಯಲ್ಲಿ ಸರ್ಕಾರಿ ರಜಾದಿನಗಳ ಹೊರತು ಬೇರಾವ ಕೆಂಪು ಗುರುತೂ ಇರಲಿಲ್ಲ.

ಕಚೇರಿಗಳು ನಿಂತ ಆ ದಿನಗಳಲ್ಲಿ ನನ್ನಂತಹ ಸಂಗೀತದ ಹುಚ್ಚಿನವರಿಗೆ ಉಳಿದದ್ದು ನೆನಪಿನ ಕಚೇರಿಗಳು ಮಾತ್ರ. ಅವುಗಳಿಗೆ ಟಿಕೆಟ್ಟಿಲ್ಲ, ವೇಳೆಯ ಮಿತಿಯಿಲ್ಲ. ಹಾಡಿದವರು ಎಂದೋ ಕೀರ್ತಿಶೇಷರಾಗಿದ್ದರೂ ಅಡ್ಡಿಯಿಲ್ಲ. ಅಂತಹ ಕೆಲವು ನೆನಪುಗಳನ್ನೂ, ಆ ಮೌನ ನಮ್ಮ ಮನೆಯಿಂದ ಸದ್ದಿಲ್ಲದೆ ತೆಗೆದುಕೊಂಡು ಹೋದ ಒಂದು ವಸ್ತುವಿನ ಕಥೆಯನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ಸೈಕಲ್ಲಿನ ಹಿಂದಿನ ಪೀಠ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿ ಹುಟ್ಟಿದ್ದು 1939ರಲ್ಲಿ. ಅದನ್ನು ಆರಂಭಿಸಿದ ಎಸ್. ವಿ. ನಾರಾಯಣಸ್ವಾಮಿ ರಾಯರು ಆಗ ಇನ್ನೂ ಚಿಕ್ಕ ವಯಸ್ಸಿನವರು. ಹುಡುಗರ ಉತ್ಸಾಹದಿಂದ ಆರಂಭವಾದ ಆ ಉತ್ಸವ ಬೆಳೆದು ಬೆಳೆದು ತಿಂಗಳಿಗೂ ಮಿಗಿಲಾಗಿ ನಡೆಯುವ ಸಂಗೀತ ಸಮಾರಾಧನೆಯಾಯಿತು. ಎಂ. ಎಸ್. ಸುಬ್ಬುಲಕ್ಷ್ಮಿ, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ನಮ್ಮವರೇ ಆದ ಭೀಮಸೇನ ಜೋಶಿ ಮೊದಲಾದ ಮಹನೀಯರೆಲ್ಲ ಅಲ್ಲಿ ಹಾಡಿದವರೇ. ದಕ್ಷಿಣಾದಿ, ಉತ್ತರಾದಿ ಎಂಬ ಭೇದವಿಲ್ಲದೆ ಎರಡನ್ನೂ ಒಂದೇ ಚಪ್ಪರದಡಿಯಲ್ಲಿ ಕೇಳುವ ಭಾಗ್ಯ ಬೆಂಗಳೂರಿನ ಸಾಮಾನ್ಯ ಸಂಸಾರಗಳಿಗೆ ಒದಗಿದ್ದು ಇಂತಹ ಉತ್ಸವಗಳಿಂದಲೇ.

ನಾನು ಮೊದಲು ಅಲ್ಲಿಗೆ ಹೋದದ್ದು ತಂದೆಯವರ ಸೈಕಲ್ಲಿನ ಹಿಂದಿನ ಪೀಠದಲ್ಲಿ ಕುಳಿತು. ಅವರು ಅಂಚೆ ಕಚೇರಿಯಲ್ಲಿ ಗುಮಾಸ್ತರು. ಸಂಜೆ ಮನೆಗೆ ಬಂದು, ಮುಖ ತೊಳೆದು, ಒಗೆದ ಪಂಚೆ ಉಟ್ಟು ಹೊರಟರೆ ಹನುಮಂತನಗರದ ಇಳಿಜಾರಿನಲ್ಲಿ ಸೈಕಲ್ಲು ತಾನಾಗಿಯೇ ಓಡುತ್ತಿತ್ತು. ನನ್ನ ತೊಡೆಯ ಮೇಲೆ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ. ಗೇಟಿನ ಹೊರಗೆ ಕಡಲೆಕಾಯಿಯ ಗಾಡಿ, ಮಲ್ಲಿಗೆಯ ಬುಟ್ಟಿ. ಒಳಗೆ ತಗಡಿನ ಮಾಡು, ಸಾಲು ಸಾಲು ಕುರ್ಚಿಗಳು, ಎತ್ತರದ ವೇದಿಕೆಯ ಮೇಲೆ ಹೂವಿನಲ್ಲಿ ಮುಚ್ಚಿಹೋದ ಶ್ರೀರಾಮ. ಟಿಕೆಟ್ಟಿಗೆ ಹಣವಿಲ್ಲದ ದಿನಗಳಲ್ಲಿ ಹೊರಗೆ ರಸ್ತೆಯಲ್ಲಿಯೇ ಸೈಕಲ್ಲಿಗೆ ಒರಗಿ ನಿಂತು ಕೇಳಿದ್ದೂ ಉಂಟು. ಅಲ್ಲಿ ನಮ್ಮಂತೆಯೇ ನಿಂತಿದ್ದವರು ತಾಳ ಹಾಕುತ್ತಿದ್ದ ರೀತಿಯನ್ನು ನೋಡಿದರೆ, ಜ್ಞಾನವೆಲ್ಲ ಮುಂದಿನ ಸಾಲಿನ ಸೋಫಾಗಳಲ್ಲಿಯೇ ಕುಳಿತಿರುತ್ತದೆಂದು ಯಾರೂ ಭ್ರಮಿಸುವಂತಿರಲಿಲ್ಲ.

“ಹಾಡುವವರ ಮುಖವನ್ನೇ ನೋಡಬೇಡ, ಮಗು. ಪಿಟೀಲಿನವರ ಮುಖ ನೋಡು,” ಎಂಬುದು ತಂದೆಯವರು ನನಗೆ ಹೇಳಿಕೊಟ್ಟ ಮೊದಲ ಪಾಠ. “ಹಾಡು ಮುಂದೆ ಎಲ್ಲಿಗೆ ಹೋಗುತ್ತದೆ ಅನ್ನುವುದು ಅಲ್ಲಿ ಮೊದಲು ಗೊತ್ತಾಗುತ್ತೆ.” ಅಂದಿನಿಂದ ನಾನು ಪಕ್ಕವಾದ್ಯದವರನ್ನು ನೋಡುವುದನ್ನು ರೂಢಿಸಿಕೊಂಡೆ. ಗಾಯಕರು ಒಂದು ಹೊಸ ಸಂಚಾರವನ್ನು ಹಿಡಿದಾಗ ಪಿಟೀಲಿನವರ ಹುಬ್ಬು ಮೇಲೇರುವುದು, ಮೃದಂಗದವರು ತುಟಿಯಂಚಿನಲ್ಲಿ ನಗುವುದು, ಘಟದವರು ತಲೆದೂಗುತ್ತಲೇ ತಮ್ಮ ಸರದಿಗೆ ಸಿದ್ಧರಾಗುವುದು, ಇವೆಲ್ಲ ನನಗೆ ಹಾಡಿನ ಅರ್ಧಭಾಗವಾಗಿಬಿಟ್ಟವು.

ಎರಡನೆಯ ಪಾಠ ತನಿ ಆವರ್ತನದ್ದು. ಮುಖ್ಯ ಕೃತಿಯ ಕೊನೆಯಲ್ಲಿ ಗಾಯಕರು ಹಾಡು ನಿಲ್ಲಿಸಿ ಲಯವಾದ್ಯಗಳಿಗೆ ಅವಕಾಶ ಬಿಟ್ಟುಕೊಡುವ ಹೊತ್ತಿಗೆ ಸಭೆಯಲ್ಲಿ ಅರ್ಧ ಜನ ಕಾಫಿಗೆ ಎದ್ದು ಹೋಗುವ ದೃಶ್ಯವನ್ನು ನೀವೂ ಕಂಡಿರಬಹುದು. ತಂದೆಯವರಿಗೆ ಇದು ಸಹಿಸದು. “ಮಾಂಗಲ್ಯಧಾರಣೆಯ ಹೊತ್ತಿಗೆ ಕೈ ತೊಳೆಯಲು ಎದ್ದು ಹೋದಂತೆ!” ಎಂದು ಗೊಣಗಿಕೊಂಡು, ನನ್ನ ಪುಟ್ಟ ಕೈಯನ್ನು ತಮ್ಮ ತೊಡೆಯ ಮೇಲಿಟ್ಟು, ಆದಿತಾಳದ ಎಂಟು ಅಕ್ಷರಗಳನ್ನು ನನ್ನ ಬೆರಳುಗಳ ಮೇಲೆಯೇ ಎಣಿಸುತ್ತಿದ್ದರು.

ಚಪ್ಪರದ ಚಿತ್ರಗಳು

ಎಂಬತ್ತು ದಾಟಿದ ಮೇಲೂ ಆರ್. ಕೆ. ಶ್ರೀಕಂಠನ್ ಅವರು ಬೆನ್ನು ನೆಟ್ಟಗೆ ಮಾಡಿ ಕುಳಿತು, ಒಂದೊಂದು ಅಕ್ಷರವನ್ನೂ ಕಡೆದಿಟ್ಟಂತೆ ಹಾಡುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದೆ. 2014ರಲ್ಲಿ ಅವರು ತೀರಿಕೊಂಡಾಗ ಅವರಿಗೆ ತೊಂಬತ್ತು ಮೀರಿತ್ತು. ಪರದೇಶದ ಬ್ಯಾಂಡು ವಾದ್ಯವಾದ ಸ್ಯಾಕ್ಸೋಫೋನಿನಲ್ಲಿ ನಮ್ಮ ಗಮಕಗಳನ್ನು ಬಗ್ಗಿಸಿ, ಬಳುಕಿಸಿ ತೋರಿಸಿದ ಕದ್ರಿ ಗೋಪಾಲನಾಥರನ್ನು ನಾನು ಮೊದಲು ಕೇಳಿದ ದಿನ, ನಮ್ಮ ಹಿಂದೆ ಕುಳಿತಿದ್ದ ವೃದ್ಧರೊಬ್ಬರು ಆರಂಭದಲ್ಲಿ ಮೂಗು ಮುರಿದರು. ಅರ್ಧ ಗಂಟೆಯಲ್ಲಿ ಕಣ್ಣೊರೆಸಿಕೊಂಡರು. ಕದ್ರಿಯವರು 2019ರ ಅಕ್ಟೋಬರಿನಲ್ಲಿ ನಿಧನರಾದರು. ಹಾಗಾಗಿ, ಆ ಮೌನದ ವಸಂತಕ್ಕೆ ಮೊದಲೇ ನಮ್ಮ ಕ್ಯಾಲೆಂಡರಿನಿಂದ ಒಂದು ಹೆಸರು ಅಳಿಸಿಹೋಗಿತ್ತು.

ಏಪ್ರಿಲ್ ತಿಂಗಳ ಅಕಾಲದ ಮಳೆಯನ್ನು ಬೆಂಗಳೂರಿನವರು ಬಲ್ಲರು. ಒಂದು ಸಂಜೆ ಆಲಾಪನೆಯ ನಡುವೆ ತಗಡಿನ ಮಾಡಿನ ಮೇಲೆ ಮಳೆ ಸುರಿಯತೊಡಗಿತು. ಧ್ವನಿವರ್ಧಕವೂ ಸೋತಿತು. ಗಾಯಕರು ನಗುತ್ತ ಹಾಡು ನಿಲ್ಲಿಸಿ, ತಂಬೂರಿಯನ್ನು ಮಾತ್ರ ಮೀಟುತ್ತಿರುವಂತೆ ಶಿಷ್ಯನಿಗೆ ಸನ್ನೆ ಮಾಡಿದರು. ಹಿಂದಿನ ಸಾಲಿನಿಂದ ಯಾರೋ, “ಸ್ವಾಮೀ, ಇವತ್ತು ಅಮೃತವರ್ಷಿಣಿ ಮಾತ್ರ ಬೇಡಿ!” ಎಂದು ಕೂಗಿದರು. ಚಪ್ಪರವೆಲ್ಲ ನಕ್ಕಿತು. ಇಪ್ಪತ್ತು ನಿಮಿಷ ಒಬ್ಬರೂ ಎದ್ದು ಹೋಗಲಿಲ್ಲ. ಒಂದೇ ಕೊಡೆಯಡಿ ಮೂವರು, ನಾಲ್ವರು. ಒಬ್ಬರ ಕೋಡುಬಳೆ ಇನ್ನೊಬ್ಬರ ಕೈಗೆ. ಮಳೆ ನಿಂತಾಗ ಗಾಯಕರು ಬಿಟ್ಟ ಸ್ವರದಿಂದಲೇ ಎತ್ತಿಕೊಂಡರು. ಆ ಒಂದು ಸ್ವರಕ್ಕೆ ಬಿದ್ದಂತಹ ಕರತಾಡನವನ್ನು ಆಮೇಲೆ ನಾನು ಹೆಚ್ಚಾಗಿ ಕೇಳಿಲ್ಲ. ಅದು ಗಾಯಕರಿಗೆ ಮಾತ್ರ ಸಂದುದಲ್ಲ. ಕಾದು ಕುಳಿತ ನಾವೆಲ್ಲರೂ ನಮಗೆ ನಾವೇ ಕೊಟ್ಟುಕೊಂಡದ್ದು.

ಇದು ಉತ್ತರ ಕರ್ನಾಟಕದಲ್ಲಿ ಇನ್ನೊಂದು ಬಗೆಯ ಸೊಗಸು. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ನಾನು ಎರಡು ವರ್ಷ ಪಾಠ ಹೇಳುತ್ತಿದ್ದಾಗ, ಸವಾಯಿ ಗಂಧರ್ವರ ಪುಣ್ಯಸ್ಮರಣೆಗಾಗಿ ಕುಂದಗೋಳದ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ನಡೆಯುವ ಸಂಗೀತೋತ್ಸವಕ್ಕೆ ಹೋಗಿದ್ದೆ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲರಂತಹ ಶಿಷ್ಯರನ್ನು ನಾಡಿಗೆ ಕೊಟ್ಟು 1952ರಲ್ಲಿ ತೀರಿಕೊಂಡ ಆ ಗುರುವಿಗೆ ಊರು ಸಲ್ಲಿಸುವ ಕಾಣಿಕೆ ಅದು. “ಬರ್ರಿ, ಇಲ್ಲೇ ಕೂಡ್ರಿ, ಜಾಗಾ ಐತಿ,” ಎಂದು ಅಪರಿಚಿತ ರೈತರೊಬ್ಬರು ತಮ್ಮ ಜಮಖಾನೆಯ ಅಂಚನ್ನು ನನಗೆ ಬಿಟ್ಟುಕೊಟ್ಟರು. ನಡುರಾತ್ರಿಯಲ್ಲಿ ಚಹ, ಕೈಯಲ್ಲಿ ಗಿರ್ಮಿಟ್ಟಿನ ಪೊಟ್ಟಣ. ಊರಿನ ಕಚೇರಿಗಳು ರಾತ್ರಿ ಹತ್ತಕ್ಕೆ ಮುಗಿಯುವುದರಿಂದ ಬೆಳಗಿನ ರಾಗಗಳನ್ನು ಸಂಜೆಯ ದೀಪದಡಿಯಲ್ಲಿಯೇ ಕೇಳಿ ರೂಢಿಯಾದ ನನಗೆ, ಅಲ್ಲಿ ನಿಜವಾಗಿಯೂ ಬೆಳಕು ಹರಿಯುವ ಹೊತ್ತಿನಲ್ಲಿ ಭೈರವ ಕಿವಿಗೆ ಬಿದ್ದಾಗ, ರಾಗಕ್ಕೂ ಗಳಿಗೆಗೂ ಇರುವ ನಂಟು ಯಾವ ಪುಸ್ತಕವೂ ಹೇಳದಷ್ಟು ಸ್ಪಷ್ಟವಾಯಿತು.

ಹಿಂದಿನ ಸಾಲಿನವನಿಗಾಗಿ

ಕಚೇರಿಯೆಂದರೆ ಕಲಾವಿದನ ಹಾಡಷ್ಟೇ ಅಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸೊಗಸಾದ ಸಾಕ್ಷಿಯಿದೆ. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಮೈಸೂರು ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿಗಳನ್ನು ಅಳವಡಿಸಿದ ಕಥೆ ಅದು. ಧ್ವನಿವರ್ಧಕಗಳು ಇನ್ನೂ ಬಳಕೆಗೆ ಬಾರದ ಕಾಲ. ತಮ್ಮ ವಾದನ ಹಿಂದಿನ ಸಾಲುಗಳವರೆಗೆ ಮುಟ್ಟುತ್ತಿಲ್ಲವೆಂಬ ಕೊರಗು ಅವರನ್ನು ಕಾಡಿತು. ನಾಲ್ಕು ತಂತಿಗಳ ವಾದ್ಯಕ್ಕೆ ಇನ್ನೂ ಮೂರನ್ನು ಸೇರಿಸಿ ಅದರ ನಾದವನ್ನು ತುಂಬಿಸಿದರು. ಎಲ್ಲೋ ಕೊನೆಯಲ್ಲಿ ಕುಳಿತ ಒಬ್ಬ ಶ್ರೋತೃವಿಗಾಗಿ ವಾದ್ಯದ ರಚನೆಯೇ ಬದಲಾಯಿತು! ಚೌಡಯ್ಯನವರು 1967ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಮಲ್ಲೇಶ್ವರದ ಬಳಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಸಭಾಭವನ ಇಂದಿಗೂ ನಿಂತಿದೆ. 2020ರಲ್ಲಿ ಅದೂ ತಂತಿ ಕಳಚಿಟ್ಟ ವಾದ್ಯದಂತೆ ಮೂಕವಾಗಿತ್ತು.

ವ್ಯಾಧಿಗೆ ಹೆದರಿ ಬೆಂಗಳೂರು ಬಾಗಿಲು ಹಾಕಿಕೊಂಡದ್ದು ಅದೇ ಮೊದಲಲ್ಲ. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿನ ಬೀದಿಗಳನ್ನು ಬಿಟ್ಟು ಜನ ಬಯಲಿಗೆ ಓಡಿದರು. ಗಾಳಿ, ಬೆಳಕುಗಳಿಗೆ ಎಡೆಯಿರುವ ಅಗಲವಾದ ರಸ್ತೆಗಳ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಭೀತಿಯ ಫಲವಾಗಿ. ಏಳೇ ವರ್ಷಗಳ ನಂತರ, 1905ರಲ್ಲಿ, ಬೆಂಗಳೂರು ಗಾಯನ ಸಮಾಜ ಸ್ಥಾಪನೆಯಾಯಿತು. ಮುಂದೆ ಆ ಬಡಾವಣೆಗಳ ರಾಮಮಂದಿರಗಳಲ್ಲಿ, ಗಣಪತಿಯ ಚಪ್ಪರಗಳಲ್ಲಿ ಸಂಗೀತ ಮನೆಮಾಡಿತು. ಸಾವಿಗೆ ಹೆದರಿ ಚದುರಿದ ಜನ, ಭಯ ಕಳೆದ ಮೇಲೆ ಮತ್ತೆ ಒಂದೆಡೆ ಕೂಡುವುದಕ್ಕೆ ಹುಡುಕಿಕೊಂಡ ನೆಪಗಳಲ್ಲಿ ಸಂಗೀತವೂ ಒಂದು. ಈ ವಿಚಾರ ಆ ವಸಂತದಲ್ಲಿ ನನಗೆ ಸ್ವಲ್ಪ ಸಮಾಧಾನ ಕೊಟ್ಟಿತು.

ಗೇಟಿನ ಬಳಿಯ ಕಚೇರಿ

ಆದರೆ ಸಮಾಧಾನದಿಂದ ಹೊಟ್ಟೆ ತುಂಬದವರೂ ಇದ್ದರು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಮೃದಂಗ ವಿದ್ವಾಂಸರೊಬ್ಬರಿದ್ದಾರೆ. ಚೈತ್ರದ ರಾಮೋತ್ಸವ, ಭಾದ್ರಪದದ ಗಣಪತಿ, ಶರನ್ನವರಾತ್ರಿ, ಡಿಸೆಂಬರಿನಲ್ಲಿ ಚೆನ್ನೈ: ಇವು ನಮಗೆ ಹಬ್ಬಗಳಾದರೆ ಅವರಿಗೆ ವರ್ಷದ ದುಡಿಮೆ. ಮುಖ್ಯ ಗಾಯಕರಿಗಾದರೋ ಹೆಸರಿರುತ್ತದೆ, ಧ್ವನಿಮುದ್ರಿಕೆಗಳಿರುತ್ತವೆ. ಪಕ್ಕವಾದ್ಯದವರಿಗೆ ಸಂಜೆಯ ಕಚೇರಿಯೇ ತಿಂಗಳ ಅಕ್ಕಿಬೇಳೆ.

ಅವರು ದೂರವಾಣಿಯ ಪರದೆಯ ಮೇಲೆ ಪಾಠ ಆರಂಭಿಸಿದರು. ಅದರ ಕಷ್ಟವನ್ನು ಒಂದು ದಿನ ಕಾಂಪೌಂಡಿನ ಆಚೆಯಿಂದ ನನಗೆ ವಿವರಿಸಿದರು. “ಆದಿತಾಳದ ಒಂದು ಅಕ್ಷರಕ್ಕೆ ಒಂದು ಸೆಕೆಂಡು ಅಂತ ಇಟ್ಟುಕೊಳ್ಳಿ, ಮೇಷ್ಟ್ರೆ. ಅದರಲ್ಲಿ ಎಂಟು ಹೊಡೆತ ನುಡಿಸಿದರೆ ಒಂದೊಂದಕ್ಕೆ ಎಷ್ಟಾಯಿತು? ಎಂಟನೆಯ ಒಂದು ಸೆಕೆಂಡು. ಫೋನಿನಲ್ಲಿ ಸದ್ದು ಬಂದು ಸೇರುವುದೇ ಕಾಲು ಸೆಕೆಂಡು ತಡ ಆದರೆ ಎರಡು ಹೊಡೆತ ತಪ್ಪಿತು. ನಾನು ಸಮಕ್ಕೆ ಬಂದಾಗ ಹುಡುಗ ಇನ್ನೂ ಎರಡು ಮನೆ ಹಿಂದೆ ಇರುತ್ತಾನೆ!” ವೇದಿಕೆಯ ಮೇಲೆ ಮೂರು ಮೀಟರ್ ದೂರ ಕುಳಿತವರ ನಡುವೆ ಸದ್ದು ಸೆಕೆಂಡಿನ ನೂರನೆಯ ಒಂದು ಭಾಗದೊಳಗಾಗಿ ದಾಟಿಬಿಡುತ್ತದೆ. ಅದಕ್ಕೇ ಒಟ್ಟಿಗೆ ಕುಳಿತು ನುಡಿಸುವುದು ಸಾಧ್ಯ. ಆ ದಿನಗಳಲ್ಲಿ ನಾವು ಪರದೆಯ ಮೇಲೆ ಕಂಡ ಎಷ್ಟೋ ಕಚೇರಿಗಳಲ್ಲಿ ಒಬ್ಬೊಬ್ಬರೂ ಅವರವರ ಮನೆಯಲ್ಲಿ ನುಡಿಸಿ, ಆಮೇಲೆ ಯಾರೋ ಅವನ್ನು ಒಂದಕ್ಕೊಂದು ಹೊಲಿದದ್ದು. ನಾದ ಶುದ್ಧವಾಗಿರುತ್ತಿತ್ತು, ಪಿಟೀಲಿನವರ ಹುಬ್ಬು ಮಾತ್ರ ಮೇಲೇರುತ್ತಿರಲಿಲ್ಲ. ತಂದೆಯವರು ಒಂದೆರಡನ್ನು ನೋಡಿ, “ಪತ್ರ ಬರೆದುಕೊಂಡ ಹಾಗಿದೆ, ಮಾತಾಡಿಕೊಂಡ ಹಾಗಿಲ್ಲ,” ಎಂದು ಫೋನನ್ನು ನನ್ನ ಕೈಗೆ ಕೊಟ್ಟರು. ಮೂವತ್ತು ವರ್ಷ ಅಂಚೆಯಲ್ಲಿದ್ದವರ ವಿಮರ್ಶೆ!

ಚರ್ಮದ ವಾದ್ಯವನ್ನು ಮುಟ್ಟದೆ ಇಟ್ಟರೆ ಅದು ಮುನಿಸಿಕೊಳ್ಳುತ್ತದೆಯಂತೆ. ಹಾಗಾಗಿ ವಿದ್ವಾಂಸರು ದಿನವೂ ಸಂಜೆ ಆರಕ್ಕೆ, ಕಚೇರಿ ಇದ್ದಂತೆಯೇ, ನೆನೆಸಿದ ರವೆಯನ್ನು ಮೃದಂಗದ ಎಡಬದಿಗೆ ಮೆತ್ತಿ, ಬಲಬದಿಯನ್ನು ಶ್ರುತಿಗೆ ಕೂಡಿಸಿ, ವರಾಂಡದಲ್ಲಿ ಕುಳಿತು ನುಡಿಸತೊಡಗಿದರು. ವಾಹನಗಳಿಲ್ಲದ ಬೀದಿಯಲ್ಲಿ ಅದು ಎಲ್ಲ ಮನೆಗಳಿಗೂ ಕೇಳಿಸುತ್ತಿತ್ತು. ತಂದೆಯವರು ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು, ಮುಖಕ್ಕೆ ಮಾಸ್ಕು ಕಟ್ಟಿ, ತೊಡೆಯ ಮೇಲೆ ತಾಳ ಹಾಕುತ್ತ ಕೂರುತ್ತಿದ್ದರು. ಹಾಡಿಲ್ಲ, ಪಿಟೀಲಿಲ್ಲ; ಬರಿಯ ತನಿ ಆವರ್ತನ. 2020ರಲ್ಲಿ ಅವರು ಎದುರಿಗೆ ಕೇಳಿದ ಕಚೇರಿ ಅದೊಂದೇ. ಕಾಫಿಗೆಂದು ಯಾರೂ ಎದ್ದು ಹೋಗದ ತನಿ ಆವರ್ತನವೆಂದು ಅವರೇ ನಗುತ್ತಿದ್ದರು.

ಮಾಸ್ಕು ಮರೆಸಿದ್ದು

2021ರ ರಾಮನವಮಿ ಏಪ್ರಿಲ್ 21ರಂದು. ವ್ಯಾಧಿಯ ಎರಡನೆಯ ಅಲೆ ಊರನ್ನು ನುಂಗುತ್ತಿದ್ದ ದಿನಗಳು. ಕಚೇರಿಯ ಮಾತೆತ್ತುವುದಕ್ಕೂ ಯಾರಿಗೂ ಬಾಯಿ ಬರುತ್ತಿರಲಿಲ್ಲ. 2022ರಲ್ಲಿ ಸಭೆಗಳು ಮತ್ತೆ ಕೂಡಿದವಾದರೂ ಎಪ್ಪತ್ತೆಂಟರ ತಂದೆಯವರನ್ನು ಜನಸಂದಣಿಗೆ ಕರೆದೊಯ್ಯಲು ವೈದ್ಯರು ಒಪ್ಪಲಿಲ್ಲ.

ಈ ಮೂರು ವರ್ಷಗಳಲ್ಲಿ ಒಂದು ಸಂಗತಿಯನ್ನು ನಾವು ಯಾರೂ ಗಮನಿಸಲಿಲ್ಲ. ತಂದೆಯವರು ಆಗಾಗ, “ಏನಂದೆ? ಮಾಸ್ಕು ಹಾಕಿಕೊಂಡು ಗೊಣಗಿದರೆ ಹೇಗೆ ಕೇಳಿಸಬೇಕು?” ಎಂದು ರೇಗುತ್ತಿದ್ದರು. ನಾವೂ ಹಾಗೆಯೇ ತಿಳಿದೆವು. ಮಾಸ್ಕುಗಳು ಕಳಚಿದ ಮೇಲೂ ಅವರ “ಏನಂದೆ?” ನಿಲ್ಲಲಿಲ್ಲ. ಪರೀಕ್ಷೆ ಮಾಡಿಸಿದಾಗ ತಿಳಿಯಿತು: ಎರಡು ಕಿವಿಗಳೂ ಬಹುಪಾಲು ಸೋತಿದ್ದವು. ಎಷ್ಟೋ ಕಾಲದಿಂದ ಅವರು ನಮ್ಮ ತುಟಿಗಳನ್ನು ನೋಡಿ ಮಾತನ್ನು ಊಹಿಸುತ್ತಿದ್ದರು; ಮಾಸ್ಕು ಆ ತುಟಿಗಳನ್ನು ಮುಚ್ಚಿತು, ಜೊತೆಗೆ ಕಿವಿಯ ಸೋಲನ್ನೂ ಮುಚ್ಚಿತು. ಶ್ರವಣಯಂತ್ರ ಬಂದಿತು. ಅದನ್ನು ಮಾಡಿರುವುದು ಮುಖ್ಯವಾಗಿ ಮಾತಿಗಾಗಿ. ಮಾತು ತಕ್ಕಮಟ್ಟಿಗೆ ತಿಳಿಯುತ್ತಿತ್ತು. ತಂಬೂರಿಯ ಧ್ವನಿಯನ್ನು ಹಾಕಿ ಕೇಳಿಸಿದೆ. “ತಗಡಿನ ಮೇಲೆ ಮರಳು ಸುರಿದ ಹಾಗಿದೆಯಪ್ಪ,” ಎಂದು ಯಂತ್ರವನ್ನು ತೆಗೆದು ಮೇಜಿನ ಮೇಲಿಟ್ಟರು.

ಆಗ ನಾನು ಲೆಕ್ಕ ಹಾಕಿದೆ. ಸಭೆಗಳು ನಿಂತಿದ್ದ ಆ ಕಾಲ ಅವರ ಕಿವಿಗಳ ಕೊನೆಯ ಕಾಲವಾಗಿತ್ತು. ಗೇಟಿನ ಬಳಿಯ ಆ ಸಂಜೆಗಳೇ ಅವರು ಮನಸಾರ ಕೇಳಿದ ಕೊನೆಯ ಸಂಗೀತ.

2023ರ ವಸಂತದಲ್ಲಿ ಬೀದಿಯ ವಿದ್ವಾಂಸರು ಚಾಮರಾಜಪೇಟೆಯ ಚಪ್ಪರದಲ್ಲಿ ನುಡಿಸುವವರಿದ್ದರು. ತಂದೆಯವರು ಒಗೆದ ಪಂಚೆ ಉಟ್ಟು ಸಿದ್ಧರಾದರು. ನನಗೆ ಅಳುಕು, ಕೇಳಿಸದ ಹಾಡಿನ ಮುಂದೆ ಮೂರು ಗಂಟೆ ಕುಳಿತು ಮನಸ್ಸು ನೋಯಿಸಿಕೊಂಡಾರೆಂದು. ಅವರು ಮಾತ್ರ ಎಂದಿನಂತೆ ನಿಶ್ಚಿಂತೆಯಿಂದ ಆಟೋ ಹತ್ತಿದರು.

ವರ್ಣ ಆಯಿತು, ಕೃತಿಗಳಾದವು. ಅವರು ಗಾಯಕರತ್ತ ನೋಡಲೇ ಇಲ್ಲ. ಪಿಟೀಲಿನವರ ಮುಖ, ಮೃದಂಗದವರ ಕೈ, ಮತ್ತೆ ಪಿಟೀಲಿನವರ ಮುಖ. ಮುಂದಿನ ಸಾಲಿನವರು ತಲೆದೂಗಿದಾಗ ಇವರೂ ಮುಗುಳ್ನಕ್ಕರು. ತನಿ ಆವರ್ತನ ಆರಂಭವಾಯಿತು. ವಾಡಿಕೆಯಂತೆ ಜನ ಕಾಫಿಗೆ ಎದ್ದರು. ತಂದೆಯವರ ಬಲಗೈ ತೊಡೆಯ ಮೇಲೆ ಆದಿತಾಳ ಹಾಕತೊಡಗಿತು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಹದಿನೈದು ನಿಮಿಷ ಮೃದಂಗದವರು ಎಲ್ಲೆಲ್ಲಿಯೋ ಸುತ್ತಾಡಿ, ಕೊನೆಯ ಮುಕ್ತಾಯವನ್ನು ಮೂರು ಸಲ ಬಾರಿಸಿ ಹಾಡಿನ ಎಡುಪಿಗೆ ಬಂದು ಸೇರಿದ ಕ್ಷಣದಲ್ಲಿಯೇ ಅವರ ಅಂಗೈ ತೊಡೆಗೆ ಬಿದ್ದಿತು. ಒಂದಿಷ್ಟೂ ಹಿಂದಿಲ್ಲ, ಮುಂದಿಲ್ಲ. ವೇದಿಕೆಯ ಮೇಲಿನಿಂದ ವಿದ್ವಾಂಸರು ಅದನ್ನು ಕಂಡು ಕೈಮುಗಿದರು.

ಹಿಂದಿರುಗುವಾಗ ಆಟೋದಲ್ಲಿ ತಂದೆಯವರು ನನ್ನ ಕಡೆ ಬಾಗಿ, “ಪಿಟೀಲು ಹೇಗಿತ್ತು, ಹೇಳು,” ಎಂದರು. ಇಪ್ಪತ್ತೆಂಟು ವರ್ಷಗಳಿಂದ ಆ ಪ್ರಶ್ನೆಯನ್ನು ಕೇಳುತ್ತಿದ್ದವನು ನಾನು. ಉತ್ತರ ಹೇಳುತ್ತಿದ್ದವರು ಅವರು. ಅವರ ಬಲಗಿವಿಯ ಬಳಿ ಬಾಯಿಟ್ಟು, ಹನುಮಂತನಗರದ ಏರು ಮುಗಿಯುವವರೆಗೂ ಹೇಳುತ್ತಲೇ ಇದ್ದೆ.

ಈಗಲೂ ಯುಗಾದಿಯ ದಿನ ಕ್ಯಾಲೆಂಡರು ಗೋಡೆಯಿಂದ ಕೆಳಗಿಳಿಯುತ್ತದೆ. ನಾನು ಪಟ್ಟಿಯನ್ನು ಗಟ್ಟಿಯಾಗಿ ಓದುತ್ತೇನೆ, ತಂದೆಯವರು ಆರಿಸುತ್ತಾರೆ, ನನ್ನ ಮಗಳು ಕೆಂಪು ಶಾಯಿಯಿಂದ ಗುರುತು ಹಾಕುತ್ತಾಳೆ. ಯಾವುದನ್ನು ಬಿಟ್ಟರೂ ತನಿ ಆವರ್ತನಕ್ಕೆ ಎದ್ದು ಹೋಗಕೂಡದೆಂದು ಅಜ್ಜ ಅವಳಿಗೆ ಆಗಲೇ ತಾಕೀತು ಮಾಡಿದ್ದಾರೆ.